ಅಕಲೇಸಿಯಾ: ಎದೆ ಹಿಂಡುವ ಸೆಳೆತಕ್ಕೆ ಮಾತ್ರೆ ಎಷ್ಟು ದೂರ ಬರುತ್ತದೆ?

ರಾತ್ರಿ ಊಟಕ್ಕೆ ಕುಳಿತವರಿಗೆ ಎರಡನೇ ತುತ್ತಿಗೇ ಎದೆಯ ನಡುವೆ ಏನೋ ಸಿಕ್ಕಿಕೊಂಡ ಹಾಗಾಗುತ್ತದೆ. ಒಂದು ಲೋಟ ನೀರು ಕುಡಿದು, ಎದ್ದು ನಿಂತು, ಬೆನ್ನು ನೆಟ್ಟಗೆ ಮಾಡಿದರೆ ಕೆಲವೊಮ್ಮೆ ಇಳಿಯುತ್ತದೆ. ಕೆಲವೊಮ್ಮೆ ತಿಂದದ್ದೆಲ್ಲ ಹಾಗೇ ವಾಪಸ್ ಬರುತ್ತದೆ. ನಡುರಾತ್ರಿ ಎದೆ ಹಿಂಡಿದಂಥ ನೋವು ಬಂದರೆ ಹಾರ್ಟ್ ಅಟ್ಯಾಕ್ ಇರಬಹುದೆಂದು ಆಸ್ಪತ್ರೆಗೆ ಓಟ. ಇಸಿಜಿ ನಾರ್ಮಲ್. 'ಗ್ಯಾಸ್ಟ್ರಿಕ್ ಅಷ್ಟೇ' ಎಂಬ ಸಮಾಧಾನ, ಒಂದು ಸ್ಟ್ರಿಪ್ ಮಾತ್ರೆ, ಮತ್ತೆ ಮನೆ. ಇದು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ನಡೆದ ಮೇಲೆ ಒಂದು ದಿನ ವರದಿಯಲ್ಲಿ ಹೊಸ ಹೆಸರು ಕಾಣುತ್ತದೆ: ಅಕಲೇಸಿಯಾ ಕಾರ್ಡಿಯಾ.

ಹೆಸರು ಗೊತ್ತಾದ ತಕ್ಷಣ ರೋಗಿ ಕೇಳುವ ಮೊದಲ ಪ್ರಶ್ನೆ ಒಂದೇ. ಇದಕ್ಕೆ ಮಾತ್ರೆ ಇದೆಯಾ?

ಇದೆ. ಒಂದಲ್ಲ, ನಾಲ್ಕೈದು ಬಗೆಯವು ಇವೆ. ಆದರೆ ಅವುಗಳಲ್ಲಿ ಯಾವುದೂ ಈ ಕಾಯಿಲೆಗೆಂದೇ ಹುಟ್ಟಿದ್ದಲ್ಲ. ಯಾವುದೂ ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಹಾಗೆಂದು ಎಲ್ಲವೂ ವ್ಯರ್ಥವೂ ಅಲ್ಲ. ಯಾರಿಗೆ, ಯಾವ ಹಂತದಲ್ಲಿ, ಎಷ್ಟು ದಿನಕ್ಕೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಈ ವಿವರ ಗೊತ್ತಿಲ್ಲದೆ ಮಾತ್ರೆಯನ್ನೇ ನಂಬಿ ಕೂತವರು ಸರಿಯಾದ ಚಿಕಿತ್ಸೆ ಪಡೆಯಬೇಕಾದ ಸಮಯವನ್ನು ಕಳೆದುಕೊಳ್ಳುತ್ತಾರೆ.

ತೆರೆಯದ ಬಾಗಿಲು

ಅನ್ನನಾಳದ ಕೆಳತುದಿಯಲ್ಲಿ, ಅದು ಜಠರವನ್ನು ಸೇರುವ ಕಡೆ, ಒಂದು ಸ್ನಾಯುವಿನ ಕವಾಟವಿದೆ. ನುಂಗಿದಾಗ ಅದು ತೆರೆದು ಆಹಾರವನ್ನು ಒಳಗೆ ಬಿಟ್ಟು ಮತ್ತೆ ಮುಚ್ಚಿಕೊಳ್ಳಬೇಕು. ಅಕಲೇಸಿಯಾದಲ್ಲಿ ಅದು ಸರಿಯಾಗಿ ತೆರೆಯುವುದಿಲ್ಲ. ಜತೆಗೆ ಆಹಾರವನ್ನು ಮೇಲಿನಿಂದ ಕೆಳಕ್ಕೆ ತಳ್ಳುವ ಅಲೆಯಂಥ ಚಲನೆಯೂ ನಿಂತುಹೋಗುತ್ತದೆ. ಅನ್ನನಾಳದ ಗೋಡೆಯೊಳಗಿರುವ, ಸ್ನಾಯುವಿಗೆ 'ಸಡಿಲವಾಗು' ಎಂದು ಸಂದೇಶ ಕೊಡುವ ನರಕೋಶಗಳು ನಾಶವಾಗಿರುವುದೇ ಇದಕ್ಕೆ ಕಾರಣ. 'ಬಿಗಿಯಾಗು' ಎನ್ನುವ ನರಗಳು ಬಹುಮಟ್ಟಿಗೆ ಉಳಿದಿರುತ್ತವೆ. ತಡೆಯುವವರಿಲ್ಲದ ಮೇಲೆ ಅವುಗಳದೇ ಕಾರುಬಾರು.

ಕಾಯಿಲೆ ಹೊಸದಲ್ಲ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲಿಸ್ 1674ರಲ್ಲೇ ಇದನ್ನು ವಿವರಿಸಿದ್ದರು. ತಿಮಿಂಗಿಲದ ಎಲುಬಿನ ಕಡ್ಡಿಯ ತುದಿಗೆ ಸ್ಪಂಜು ಕಟ್ಟಿ, ಅದರಿಂದ ಆಹಾರವನ್ನು ಹೊಟ್ಟೆಗೆ ತಳ್ಳಿಕೊಳ್ಳುವಂತೆ ರೋಗಿಗೆ ಹೇಳಿಕೊಟ್ಟಿದ್ದರು. ಕೇಳಲು ಭಯಾನಕ ಎನಿಸಿದರೂ ತರ್ಕ ಸರಿಯಾಗಿಯೇ ಇತ್ತು: ಬಾಗಿಲು ತಾನಾಗಿ ತೆರೆಯದಿದ್ದರೆ ತೆರೆಸಬೇಕು. ಇಂದಿನ ಚಿಕಿತ್ಸೆಗಳೂ ನಿಂತಿರುವುದು ಇದೇ ತರ್ಕದ ಮೇಲೆ.

ಇದು ಅಪರೂಪದ ಕಾಯಿಲೆ. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಹೊಸದಾಗಿ ಪತ್ತೆಯಾಗುತ್ತದೆ. ಈ ಅಪರೂಪವೇ ಮುಂದಿನ ಅರ್ಧ ತೊಂದರೆಗೆ ಮೂಲ. ಎದೆಯುರಿ, ಹುಳಿತೇಗು ಎನ್ನುತ್ತ ಬರುವ ನೂರಾರು ರೋಗಿಗಳ ನಡುವೆ ಈ ಒಬ್ಬರನ್ನು ಗುರುತಿಸುವುದು ಬಡಾವಣೆಯ ಕ್ಲಿನಿಕ್ ವೈದ್ಯರಿಗೆ ಸುಲಭವಲ್ಲ.

ತಪ್ಪು ಮಾತ್ರೆಯಿಂದ ಶುರು

ಹಾಗಾಗಿ ಹೆಚ್ಚಿನವರಿಗೆ ಮೊದಲು ಸಿಗುವುದು ಆಸಿಡ್ ಕಡಿಮೆ ಮಾಡುವ ಮಾತ್ರೆ. ನಮ್ಮಲ್ಲಿ ಅದು ಬಹಳ ಸಲ ಪ್ಯಾಂಟಪ್ರಜೋಲ್ ಜತೆ ಡೋಂಪೆರಿಡೋನ್ ಸೇರಿಸಿದ ಕ್ಯಾಪ್ಸೂಲ್ ರೂಪದಲ್ಲಿ ಬರುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಎಂಬ ಆ ಸಲಹೆ ಎಲ್ಲರ ಬಾಯಲ್ಲೂ ಇದೆ. ಆದರೆ ಅಕಲೇಸಿಯಾದ ಮೂಲ ತೊಂದರೆ ಆಸಿಡ್ ಅಲ್ಲ. ಎದೆಯುರಿಯಂತೆ ಅನಿಸುವುದು ಬಹಳ ಸಲ ಅನ್ನನಾಳದಲ್ಲೇ ಕೊಳೆಯುತ್ತಿರುವ ಆಹಾರದಿಂದ. ಇನ್ನು ಡೋಂಪೆರಿಡೋನ್ ಕೆಲಸ ಮಾಡುವುದು ಕೆಳಗಿನ ಕವಾಟವನ್ನು ಬಿಗಿಗೊಳಿಸುವ ದಿಕ್ಕಿನಲ್ಲಿ. ಸಡಿಲವಾಗದ ಕವಾಟಕ್ಕೆ ಅದರಿಂದ ಏನೂ ಲಾಭವಿಲ್ಲ.

ರಾತ್ರಿ ಮಲಗಿದಾಗ ಆಹಾರ ಗಂಟಲಿಗೆ ಬಂದು ಕೆಮ್ಮು ಶುರುವಾಗುತ್ತದೆ, ತೂಕ ಇಳಿಯುತ್ತದೆ. ಕೆಮ್ಮು ಮತ್ತು ತೂಕ ಇಳಿಕೆ ಒಟ್ಟಿಗೆ ಕಂಡರೆ ಭಾರತದಲ್ಲಿ ಯಾವ ವೈದ್ಯರೂ ಮೊದಲು ಯೋಚಿಸುವುದು ಕ್ಷಯವನ್ನು. ಅದು ತಪ್ಪೂ ಅಲ್ಲ. ಆದರೆ ಘನ ಆಹಾರದ ಜತೆ ನೀರೂ ಸಿಕ್ಕಿಕೊಳ್ಳುತ್ತದೆ ಎಂದು ರೋಗಿ ಹೇಳಿದರೆ ಅಲ್ಲಿ ನಿಲ್ಲಬೇಕು. ಗಡ್ಡೆಯಿಂದ ಅನ್ನನಾಳ ಕಿರಿದಾದರೆ ಸಾಮಾನ್ಯವಾಗಿ ಮೊದಲು ಅನ್ನ, ಚಪಾತಿ ನಿಲ್ಲುತ್ತವೆ, ನೀರು ಆಮೇಲೆ. ಅಕಲೇಸಿಯಾದಲ್ಲಿ ಎರಡೂ ಮೊದಲಿನಿಂದಲೇ ಕಾಡುತ್ತವೆ.

ಪತ್ತೆಗೆ ಮೂರು ಪರೀಕ್ಷೆಗಳು. ಎಂಡೋಸ್ಕೋಪಿ, ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇ ಮತ್ತು ಹೈ ರೆಸಲ್ಯೂಷನ್ ಮ್ಯಾನೋಮೆಟ್ರಿ. ಕೊನೆಯದರಲ್ಲಿ ಮೂಗಿನ ಮೂಲಕ ತೆಳ್ಳನೆಯ ನಳಿಕೆ ಇಳಿಸಿ ಅನ್ನನಾಳದ ಉದ್ದಕ್ಕೂ ಒತ್ತಡ ಅಳೆಯುತ್ತಾರೆ. ಎಂಡೋಸ್ಕೋಪಿ ನಾರ್ಮಲ್ ಎಂದು ಬಂದರೂ ಅಕಲೇಸಿಯಾ ಇರಬಹುದು. ಮ್ಯಾನೋಮೆಟ್ರಿ ಬೇಕಾಗುವುದು ಅದಕ್ಕೇ. ಎಂಡೋಸ್ಕೋಪಿಯನ್ನು ಬಿಡುವಂತೆಯೂ ಇಲ್ಲ. ವಯಸ್ಸಾದವರಲ್ಲಿ, ಕೆಲವೇ ತಿಂಗಳಲ್ಲಿ ತೂಕ ಇಳಿದವರಲ್ಲಿ, ಜಠರದ ಬಾಯಿಯ ಕ್ಯಾನ್ಸರ್ ಥೇಟ್ ಅಕಲೇಸಿಯಾದಂತೆಯೇ ವೇಷ ಹಾಕುವುದುಂಟು.

ಮ್ಯಾನೋಮೆಟ್ರಿ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಅಕಲೇಸಿಯಾದಲ್ಲಿ ಮೂರು ಬಗೆ. ಮೊದಲನೆಯದರಲ್ಲಿ ಅನ್ನನಾಳ ಬಹುತೇಕ ನಿಶ್ಚಲ. ಎರಡನೆಯದರಲ್ಲಿ ನುಂಗಿದಾಗ ಇಡೀ ನಾಳದಲ್ಲಿ ಒಮ್ಮೆಲೇ ಒತ್ತಡ ಏರುತ್ತದೆ. ಮೂರನೆಯದರಲ್ಲಿ ಮಾತ್ರ ನಿಜವಾದ ಸೆಳೆತ: ಸ್ನಾಯುಗಳು ಸಮಯಕ್ಕೆ ಮೊದಲೇ, ಅಡ್ಡಾದಿಡ್ಡಿಯಾಗಿ ಸಂಕುಚಿಸುತ್ತವೆ. ನೋವು ಮೂರರಲ್ಲೂ ಬರಬಹುದು. ಎದೆನೋವೆಲ್ಲ ಸೆಳೆತವಲ್ಲ ಎಂಬುದು ಔಷಧ ಬರೆಯುವ ಮೊದಲು ಗೊತ್ತಿರಬೇಕಾದ ಸಂಗತಿ.

ಹೃದಯದ ಮಾತ್ರೆ ಅನ್ನನಾಳಕ್ಕೇಕೆ?

ಈಗ ಔಷಧಗಳಿಗೆ ಬರೋಣ. ಮೊದಲನೆಯದು ನೈಟ್ರೇಟ್ ಗುಂಪು. ಇದರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಐಸೋಸಾರ್ಬೈಡ್ ಡೈನೈಟ್ರೇಟ್. ಹೆಸರು ಕಷ್ಟ ಎನಿಸಿದರೂ ಮಾತ್ರೆ ಅಪರಿಚಿತವಲ್ಲ. ಹೃದ್ರೋಗಿಗಳಿರುವ ಮನೆಗಳಲ್ಲಿ ನಾಲಿಗೆಯ ಕೆಳಗೆ ಇಡಲು ಪರ್ಸ್‌ನಲ್ಲಿ, ಮಂಚದ ಪಕ್ಕದ ಡ್ರಾಯರ್‌ನಲ್ಲಿ ಇರುವ 'ಸಾರ್ಬಿಟ್ರೇಟ್' ಇದೇ. ಅಕಲೇಸಿಯಾದಲ್ಲಿ ನಾಶವಾದ ನರಗಳು ಸ್ನಾಯುವನ್ನು ಸಡಿಲಿಸಲು ಬಿಡುಗಡೆ ಮಾಡುತ್ತಿದ್ದ ರಾಸಾಯನಿಕ ನೈಟ್ರಿಕ್ ಆಕ್ಸೈಡ್. ನೈಟ್ರೇಟ್ ಮಾತ್ರೆ ಅದೇ ರಾಸಾಯನಿಕವನ್ನು ಹೊರಗಿನಿಂದ ಒದಗಿಸುತ್ತದೆ. ಅಂದರೆ ತರ್ಕ ಪಕ್ಕಾ.

ಎರಡನೆಯದು ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ ಗುಂಪಿನ ನಿಫೆಡಿಪಿನ್. ಸ್ನಾಯು ಬಿಗಿಯಾಗಲು ಜೀವಕೋಶದೊಳಗೆ ಕ್ಯಾಲ್ಸಿಯಂ ನುಗ್ಗಬೇಕು. ಇದು ಆ ದಾರಿಯನ್ನೇ ಮುಚ್ಚುತ್ತದೆ. ಮೂಲತಃ ಬಿಪಿ ಮತ್ತು ಎದೆನೋವಿನ ಔಷಧ.

ಅಮೆರಿಕದ ಗ್ಯಾಸ್ಟ್ರೋಎಂಟರಾಲಜಿ ಕಾಲೇಜಿನ 2013ರ ಮಾರ್ಗಸೂಚಿ ಇವೆರಡರ ಫಲಿತಾಂಶವನ್ನು ಒಟ್ಟುಗೂಡಿಸಿತ್ತು. ಕವಾಟದ ಒತ್ತಡವನ್ನು ಐಸೋಸಾರ್ಬೈಡ್ ಶೇ 30ರಿಂದ 65ರಷ್ಟು, ನಿಫೆಡಿಪಿನ್ ಶೇ 30ರಿಂದ 60ರಷ್ಟು ಇಳಿಸುತ್ತದೆ. ಕೇಳಲು ಚೆನ್ನಾಗಿದೆ. ರೋಗಿಗೆ ಎಷ್ಟು ಆರಾಮ ಎನಿಸಿತು ಎಂದು ನೋಡಿದರೆ ಚಿತ್ರ ಬೇರೆ. ನಿಫೆಡಿಪಿನ್ ವಿಷಯದಲ್ಲಿ ಲಕ್ಷಣ ಸುಧಾರಿಸಿದವರ ಪ್ರಮಾಣ ಬೇರೆ ಬೇರೆ ಅಧ್ಯಯನಗಳಲ್ಲಿ ಸೊನ್ನೆಯಿಂದ ಶೇ 75ರವರೆಗೆ ಇದೆ. ಒಂದು ಔಷಧದ ಫಲಿತಾಂಶ ಸೊನ್ನೆಯಿಂದ ಮುಕ್ಕಾಲಿನವರೆಗೆ ಹರಡಿದೆ ಎಂದರೆ ಅದನ್ನು ನಂಬಿ ಯಾರಿಗೂ ಖಚಿತ ಭರವಸೆ ಕೊಡುವಂತಿಲ್ಲ.

ತರ್ಕ ಸರಿಯಿದ್ದೂ ಔಷಧ ಯಾಕೆ ಸೋಲುತ್ತದೆ? ಮುಖ್ಯ ಕಾರಣ ಸಮಯ. ನಾಲಿಗೆಯಡಿಯ ಐಸೋಸಾರ್ಬೈಡ್ ಊಟಕ್ಕೆ 10ರಿಂದ 15 ನಿಮಿಷ ಮೊದಲು, ನಿಫೆಡಿಪಿನ್ 30ರಿಂದ 45 ನಿಮಿಷ ಮೊದಲು ತೆಗೆದುಕೊಳ್ಳಬೇಕೆಂಬುದು ಮಾರ್ಗಸೂಚಿಗಳ ಲೆಕ್ಕ. ಪರಿಣಾಮ ಒಂದು-ಒಂದೂವರೆ ಗಂಟೆಯಷ್ಟೇ. ಹಾಗಾಗಿ ದಿನಕ್ಕೆ ಮೂರು ಹೊತ್ತು, ಗಡಿಯಾರ ನೋಡಿಕೊಂಡು ನುಂಗಬೇಕು. ಮಾತ್ರೆಗೆ ಅನ್ನನಾಳ ಯಾವುದು, ರಕ್ತನಾಳ ಯಾವುದು ಎಂಬ ವ್ಯತ್ಯಾಸವೂ ಗೊತ್ತಿಲ್ಲ. ಬಿಪಿ ಇಳಿದು ತಲೆಸುತ್ತು, ತಲೆ ಸಿಡಿತ, ಕಾಲು ಬಾವು ಬರುತ್ತವೆ. ಸುಮಾರು ಶೇ 30ರಷ್ಟು ಜನರಿಗೆ ಇಂಥ ಅಡ್ಡಪರಿಣಾಮ ಆಗುತ್ತದೆ. ದಿನ ಕಳೆದಂತೆ ದೇಹ ಒಗ್ಗಿಕೊಂಡು ಮೊದಲಿನಷ್ಟು ಪರಿಣಾಮವೂ ಉಳಿಯುವುದಿಲ್ಲ. ಇಷ್ಟೆಲ್ಲ ಆದರೂ ನಿಂತುಹೋದ ಅಲೆಯ ಚಲನೆ ಮರಳುವುದಿಲ್ಲ.

ಮೆಡಿಕಲ್ ಶಾಪ್‌ನ ಕೌಂಟರ್‌ನಲ್ಲಿ ಆಗುವ ಎಡವಟ್ಟು

ಇಲ್ಲೊಂದು ಸಣ್ಣ ವಿಷಯವಿದೆ, ಆದರೆ ಪರಿಣಾಮ ಸಣ್ಣದಲ್ಲ. ಅಕಲೇಸಿಯಾಕ್ಕೆ ಬೇಕಾದದ್ದು ಬೇಗ ಕೆಲಸ ಮಾಡುವ ನಿಫೆಡಿಪಿನ್. ಆದರೆ ಬಿಪಿ ರೋಗಿಗಳಿಗೆ ಕೊಡುವುದು 'ರಿಟಾರ್ಡ್', 'ಎಸ್‌ಆರ್' ಎಂಬ ಅಕ್ಷರಗಳಿರುವ, ನಿಧಾನವಾಗಿ ಕರಗುವ ಮಾತ್ರೆ. ಬೇಗ ಕೆಲಸ ಮಾಡುವ ನಿಫೆಡಿಪಿನ್ ಕ್ಯಾಪ್ಸೂಲನ್ನು ಬಿಪಿ ಇಳಿಸಲು ನಾಲಿಗೆಯಡಿ ಕೊಡುವ ಪದ್ಧತಿ ಒಂದು ಕಾಲದಲ್ಲಿ ಎಲ್ಲೆಡೆ ಇತ್ತು. ಬಿಪಿ ಒಮ್ಮೆಲೇ ಕುಸಿದು ಹೃದಯಾಘಾತ, ಪಾರ್ಶ್ವವಾಯು ಆದ ಪ್ರಕರಣಗಳು ವರದಿಯಾದ ಮೇಲೆ 1990ರ ದಶಕದಲ್ಲಿ ಅದರ ವಿರುದ್ಧ ಎಚ್ಚರಿಕೆ ಬಂತು. ಬಳಕೆ ಸಹಜವಾಗಿಯೇ ಇಳಿಯಿತು.

ಚೀಟಿಯಲ್ಲಿ 'ನಿಫೆಡಿಪಿನ್' ಎಂದಷ್ಟೇ ಇದ್ದು, ಅಂಗಡಿಯವರು ಇರುವ ಎಸ್‌ಆರ್ ಮಾತ್ರೆ ಕೊಟ್ಟರೆ ಏನಾಗುತ್ತದೆ? ಊಟದ ಹೊತ್ತಿಗೆ ಬೇಕಾದ ಪರಿಣಾಮ ಸಿಗುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ, ನೀರೇ ಇಳಿಯದ ಅನ್ನನಾಳದಲ್ಲಿ ಆ ಮಾತ್ರೆ ಗಂಟೆಗಟ್ಟಲೆ ಕೂರಬಹುದು. ಕರಗಲಿ ಎಂದು ಪುಡಿ ಮಾಡಿದರೆ ಇಡೀ ದಿನದ ಡೋಸ್ ಒಮ್ಮೆಲೇ ರಕ್ತಕ್ಕೆ ಸೇರುವ ಅಪಾಯ. ಯಾವ ರೂಪದ ಮಾತ್ರೆ, ನುಂಗಬೇಕೋ ನಾಲಿಗೆಯಡಿ ಇಡಬೇಕೋ ಎಂಬುದನ್ನು ವೈದ್ಯರಿಂದಲೇ ಚೀಟಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ಇದೇ ಮಾತು ಬೇರೆ ಮಾತ್ರೆಗಳಿಗೂ ಅನ್ವಯ. ಡಾಕ್ಸಿಸೈಕ್ಲಿನ್‌ನಂಥ ಆಂಟಿಬಯೋಟಿಕ್, ಪೊಟ್ಯಾಸಿಯಂ ಮಾತ್ರೆ, ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಹುಣ್ಣು ಮಾಡುತ್ತವೆ. ಜ್ವರಕ್ಕೆ ಹೋದರೂ, ಮಂಡಿನೋವಿಗೆ ಹೋದರೂ 'ನನಗೆ ಅಕಲೇಸಿಯಾ ಇದೆ' ಎಂದು ಹೇಳುವುದು ಇದೇ ಕಾರಣಕ್ಕೆ ಮುಖ್ಯ.

ನೋವು ನಿವಾರಕಗಳಲ್ಲಿ ಟ್ರಮಡಾಲ್ ಬಗ್ಗೆ ಪ್ರತ್ಯೇಕ ಎಚ್ಚರಿಕೆ ಬೇಕು. ಅದು ಸೇರಿದಂತೆ ಓಪಿಯಾಯ್ಡ್ ಗುಂಪಿನ ಔಷಧಗಳನ್ನು ದೀರ್ಘಕಾಲ ಸೇವಿಸಿದವರಲ್ಲಿ ಅನ್ನನಾಳ ಸೆಳೆತಕ್ಕೆ ಒಳಗಾಗಿ, ಮ್ಯಾನೋಮೆಟ್ರಿಯಲ್ಲಿ ಮೂರನೇ ಬಗೆಯ ಅಕಲೇಸಿಯಾದಂತೆಯೇ ಕಾಣಬಹುದು. ಎದೆನೋವಿಗೆಂದು ತೆಗೆದುಕೊಂಡ ಮಾತ್ರೆಯೇ ಎದೆನೋವು ತರುವ ವಿಚಿತ್ರ ಇದು.

ವಯಾಗ್ರಾದಿಂದ ಬೊಟಾಕ್ಸ್‌ವರೆಗೆ

ಮೂರನೆಯದು ಸಿಲ್ಡೆನಾಫಿಲ್, ಅಂದರೆ ವಯಾಗ್ರಾ. ಇದೂ ನೈಟ್ರಿಕ್ ಆಕ್ಸೈಡ್ ದಾರಿಯಲ್ಲೇ ಕೆಲಸ ಮಾಡುತ್ತದೆ. 2000ದಲ್ಲಿ ಇಟಲಿಯ ಸಂಶೋಧಕರು 14 ಅಕಲೇಸಿಯಾ ರೋಗಿಗಳಲ್ಲಿ ಪರೀಕ್ಷಿಸಿದಾಗ 50 ಮಿಲಿಗ್ರಾಂ ಡೋಸ್ ಕವಾಟದ ಒತ್ತಡವನ್ನು ಇಳಿಸಿತು. ಪರಿಣಾಮ ಒಂದು ಗಂಟೆಯನ್ನೂ ದಾಟಲಿಲ್ಲ. ಅಂಥ ಮಾತ್ರೆಯನ್ನು ಪ್ರತಿ ಊಟಕ್ಕೂ ನುಂಗುವುದು ಪ್ರಾಯೋಗಿಕವಲ್ಲ.

ಇಲ್ಲಿ ಎಲ್ಲಕ್ಕಿಂತ ಗಂಭೀರವಾದ ಎಚ್ಚರಿಕೆ ಒಂದಿದೆ. ಸಿಲ್ಡೆನಾಫಿಲ್ ಅಥವಾ ಟಡಾಲಫಿಲ್ ತೆಗೆದುಕೊಂಡವರು ನೈಟ್ರೇಟ್ ಮಾತ್ರೆ ಮುಟ್ಟಬಾರದು. ಎರಡೂ ಸೇರಿದರೆ ಬಿಪಿ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ವಯಾಗ್ರಾ ಮಾದರಿಯ ಮಾತ್ರೆ ತೆಗೆದುಕೊಳ್ಳುವ ವಿಷಯವನ್ನು ವೈದ್ಯರಿಗೆ ಹೇಳಲು ನಮ್ಮಲ್ಲಿ ಸಂಕೋಚ ಜಾಸ್ತಿ. ಅನ್ನನಾಳದ ಸೆಳೆತಕ್ಕೆ ನೈಟ್ರೇಟ್ ಬರೆಯುವ ವೈದ್ಯರು ಕೇಳದಿದ್ದರೂ ರೋಗಿಯೇ ಹೇಳಿಬಿಡಬೇಕಾದ ಮಾತು ಇದು.

ನಾಲ್ಕನೆಯದು ಬೊಟುಲಿನಂ ಟಾಕ್ಸಿನ್. ಮುಖದ ಸುಕ್ಕು ತೆಗೆಯಲು ಹೆಸರಾದ ಬೊಟಾಕ್ಸನ್ನು ಎಂಡೋಸ್ಕೋಪಿ ಮೂಲಕ ಕವಾಟಕ್ಕೇ ಚುಚ್ಚುತ್ತಾರೆ. 'ಬಿಗಿಯಾಗು' ಎನ್ನುವ ನರದ ಸಂದೇಶವನ್ನು ಅದು ತಡೆಯುತ್ತದೆ. ಭಾರತೀಯ ಮೂಲದ ವೈದ್ಯ ಪಂಕಜ್ ಪಸ್ರಿಚಾ ಮತ್ತು ಅವರ ಸಹೋದ್ಯೋಗಿಗಳು 21 ರೋಗಿಗಳ ಮೇಲೆ ನಡೆಸಿದ ಪ್ರಯೋಗ 1995ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಮೇಲೆ ಇದು ಜಗತ್ತಿನ ಗಮನ ಸೆಳೆಯಿತು. ಔಷಧಗಳ ಪೈಕಿ ಹೆಚ್ಚು ಕೆಲಸ ಮಾಡುವುದು ಇದೇ. ಮೊದಲ ತಿಂಗಳಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಜನರಿಗೆ ಆರಾಮ ಸಿಗುತ್ತದೆ. ಆದರೆ 6ರಿಂದ 24 ತಿಂಗಳೊಳಗೆ ಸುಮಾರು ಅರ್ಧದಷ್ಟು ಜನರಿಗೆ ಮತ್ತೆ ಚುಚ್ಚಬೇಕಾಗುತ್ತದೆ. ಪದೇಪದೇ ಚುಚ್ಚಿದರೆ ಒಳಪದರದಲ್ಲಿ ಗಾಯದ ಕಲೆ ಕಟ್ಟಿ ಮುಂದಿನ ಆಪರೇಷನ್ ಕಷ್ಟವಾಗಬಹುದು. ಹಾಗಾಗಿ ಆಪರೇಷನ್ ತಡೆದುಕೊಳ್ಳಲಾಗದ ವಯಸ್ಸಾದವರಿಗೆ, ಬೇರೆ ಗಂಭೀರ ಕಾಯಿಲೆ ಇರುವವರಿಗೆ ಇದು ಸೂಕ್ತ. ಮೂವತ್ತರ ಯುವಕನಿಗೆ ಇದೇ ಮೊದಲ ಚಿಕಿತ್ಸೆ ಎಂದು ಯಾರಾದರೂ ಹೇಳಿದರೆ ಎರಡನೇ ಅಭಿಪ್ರಾಯ ಕೇಳುವುದರಲ್ಲಿ ತಪ್ಪಿಲ್ಲ.

ಪೆಪ್ಪರ್‌ಮಿಂಟ್ ಎಣ್ಣೆಯ ಬಗ್ಗೆಯೂ ಬಹಳ ಜನ ಕೇಳುತ್ತಾರೆ. 2001ರಲ್ಲಿ ಅನ್ನನಾಳದ ಸೆಳೆತವಿದ್ದ 8 ರೋಗಿಗಳಲ್ಲಿ ನೀರಿಗೆ ಕೆಲವು ಹನಿ ಹಾಕಿ ಕುಡಿಸಿದಾಗ ಅಡ್ಡಾದಿಡ್ಡಿ ಸಂಕೋಚನ ಕಡಿಮೆಯಾದದ್ದು ದಾಖಲಾಗಿದೆ. ಎಂಟೇ ಜನ, ಅದೂ ಅಕಲೇಸಿಯಾ ಅಲ್ಲದ ಸೆಳೆತ. ಅಡುಗೆ ಮನೆಯ ಪುದೀನ ಚಟ್ನಿಗೆ ಆ ಫಲಿತಾಂಶವನ್ನು ಅಂಟಿಸುವಂತಿಲ್ಲ.

ಯುರೋಪ್ ಏಕೆ ಬೇಡ ಎಂದಿತು?

2020ರಲ್ಲಿ ಯುರೋಪಿನ ತಜ್ಞ ಸಂಘಗಳು ಹೊರಡಿಸಿದ ಮಾರ್ಗಸೂಚಿ ಸ್ಪಷ್ಟವಾಗಿದೆ. ಅಕಲೇಸಿಯಾದ ಚಿಕಿತ್ಸೆಯಾಗಿ ಕ್ಯಾಲ್ಸಿಯಂ ಬ್ಲಾಕರ್, ಸಿಲ್ಡೆನಾಫಿಲ್ ಗುಂಪು, ನೈಟ್ರೇಟ್ ಯಾವುದನ್ನೂ ಬಳಸದಿರುವುದೇ ಒಳ್ಳೆಯದು ಎಂಬುದು ಅದರ ಸಲಹೆ. ಕಾರಣ, ನಂಬಬಹುದಾದ ಪುರಾವೆ ಇಲ್ಲ. ಇರುವ ಅಧ್ಯಯನಗಳು ಚಿಕ್ಕವು, ಬಹುಪಾಲು ಹಳೆಯವು.

ಪುರಾವೆ ಯಾಕಿಲ್ಲ ಎಂಬುದಕ್ಕೆ ಉತ್ತರ ವೈದ್ಯಕೀಯಕ್ಕಿಂತ ಅರ್ಥಶಾಸ್ತ್ರದಲ್ಲಿದೆ. ಇವೆಲ್ಲ ಪೇಟೆಂಟ್ ಮುಗಿದ ಅಗ್ಗದ ಮಾತ್ರೆಗಳು. ಕಾಯಿಲೆ ಅಪರೂಪದ್ದು. ಅಗ್ಗದ ಮಾತ್ರೆಯನ್ನು ಅಪರೂಪದ ಕಾಯಿಲೆಯಲ್ಲಿ ಪರೀಕ್ಷಿಸಲು ಯಾವ ಕಂಪನಿ ಕೋಟಿಗಟ್ಟಲೆ ಸುರಿಯುತ್ತದೆ? ಆದ್ದರಿಂದ 'ಪುರಾವೆ ಇಲ್ಲ' ಎಂಬುದನ್ನು 'ಯಾರಿಗೂ ಉಪಯೋಗವಿಲ್ಲ' ಎಂದು ಓದುವುದು ಸರಿಯಲ್ಲ. ಬಲೂನ್ ಚಿಕಿತ್ಸೆಗೆ ದಿನ ಕಾಯುತ್ತಿರುವವರಿಗೆ, ಗರ್ಭಿಣಿ ಎಂದೋ ಬೇರೆ ಕಾಯಿಲೆ ಎಂದೋ ಆಪರೇಷನ್ ಮುಂದೂಡಿದವರಿಗೆ ವೈದ್ಯರು ಅಳೆದು ಸುರಿದು ಔಷಧ ಆರಿಸುವುದುಂಟು. ಸೇತುವೆಯಾಗಿ ಅದು ಸರಿ. ಸೇತುವೆಯ ಮೇಲೆ ಮನೆ ಕಟ್ಟಿದಾಗಲೇ ತೊಂದರೆ. ಅನ್ನನಾಳ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತ, ಡೊಂಕಾಗುತ್ತ ಹೋಗುತ್ತದೆ. ಆ ಹಂತ ತಲುಪಿದರೆ ಒಳ್ಳೆಯ ಚಿಕಿತ್ಸೆಗಳ ಫಲವೂ ಕುಗ್ಗುತ್ತದೆ.

ಬಾಗಿಲು ತೆರೆಸುವ ಮೂರು ದಾರಿ

ಕವಾಟದೊಳಗೆ ಬಲೂನ್ ಊದಿ ಸ್ನಾಯು ಹರಿಸುವುದು ಒಂದು. ಜರ್ಮನಿಯ ಅರ್ನ್ಸ್ಟ್ ಹೆಲ್ಲರ್ 1913ರಲ್ಲಿ ಮೊದಲು ಮಾಡಿದ, ಈಗ ಲ್ಯಾಪ್ರೋಸ್ಕೋಪಿಯಲ್ಲಿ ಮಾಡುವ ಸ್ನಾಯು ಸೀಳುವ ಆಪರೇಷನ್ ಇನ್ನೊಂದು. ಮೂರನೆಯದು ಜಪಾನಿನ ಹರುಹಿರೊ ಇನೊಯೆ 2008ರಲ್ಲಿ ಶುರು ಮಾಡಿದ 'ಪೊಯೆಮ್'. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಅನ್ನನಾಳದ ಗೋಡೆಯೊಳಗೇ ಸುರಂಗ ಮಾಡಿ ಸ್ನಾಯು ಕತ್ತರಿಸುವ ವಿಧಾನ ಇದು. ಹೊಟ್ಟೆಯ ಮೇಲೆ ಹೊಲಿಗೆ ಇಲ್ಲ.

2011ರ ಯುರೋಪಿಯನ್ ಪ್ರಯೋಗದಲ್ಲಿ ಎರಡು ವರ್ಷದ ನಂತರ ಬಲೂನ್‌ಗೆ ಶೇ 86, ಆಪರೇಷನ್‌ಗೆ ಶೇ 90 ಯಶಸ್ಸು ಸಿಕ್ಕಿತ್ತು. ಬಲೂನ್ ಪಡೆದವರಲ್ಲಿ ಶೇ 4ರಷ್ಟು ಜನರಿಗೆ ಅನ್ನನಾಳ ತೂತಾಗಿತ್ತು. 2019ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳಲ್ಲಿ ಒಂದು ಪೊಯೆಮ್‌ಗೆ ಶೇ 92, ಬಲೂನ್‌ಗೆ ಶೇ 54 ಅಂಕ ಕೊಟ್ಟಿತು. ಇನ್ನೊಂದರಲ್ಲಿ ಪೊಯೆಮ್ ಶೇ 83, ಹೆಲ್ಲರ್ ಆಪರೇಷನ್ ಶೇ 81.7. ಅಂದರೆ ಸಮಬಲ. ಸೆಳೆತ ಪ್ರಧಾನವಾದ ಮೂರನೇ ಬಗೆಗೆ ಪೊಯೆಮ್ ಹೆಚ್ಚು ಹೊಂದುತ್ತದೆ. ಸೆಳೆತ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೂ ಕತ್ತರಿಯನ್ನು ಮೇಲಕ್ಕೆ ಒಯ್ಯಬಹುದು ಎಂಬುದೇ ಕಾರಣ.

ಪೊಯೆಮ್ ಈಗ ಭಾರತಕ್ಕೆ ಹೊಸದಲ್ಲ. ಹೈದರಾಬಾದಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯ ವೈದ್ಯರು ನೂರಾರು ರೋಗಿಗಳ ಅನುಭವವನ್ನು ಅಂತಾರಾಷ್ಟ್ರೀಯ ಜರ್ನಲ್‌ಗಳಲ್ಲಿ ಪ್ರಕಟಿಸಿದ್ದಾರೆ. ಬೀದರ್, ಕಲಬುರಗಿ, ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಬೆಳಗಾವಿ ಕಡೆಯವರು ಪುಣೆ, ಮುಂಬೈ ದಾರಿ ಹಿಡಿಯುವುದೂ ಹಳೆಯ ರೂಢಿ. ಊರಿನಿಂದ ಪರೀಕ್ಷೆಗೆಂದು ಬರುವ ನೆಂಟರಿಗೆ ಈ ನಗರಗಳ ಕನ್ನಡಿಗರ ಮನೆಯೇ ಲಾಡ್ಜ್. ಬರುವ ಮೊದಲು ಫೋನ್ ಮಾಡಿ ಕೇಳಬೇಕಾದ್ದು ಎರಡು: ಆಸ್ಪತ್ರೆಯಲ್ಲಿ ಹೈ ರೆಸಲ್ಯೂಷನ್ ಮ್ಯಾನೋಮೆಟ್ರಿ ಇದೆಯೇ? ಆಯುಷ್ಮಾನ್ ಕಾರ್ಡ್ ಅಥವಾ ಇನ್ಶೂರೆನ್ಸ್ ಇದ್ದರೆ ಈ ಚಿಕಿತ್ಸೆಯ ಹೆಸರು ಅದರ ವ್ಯಾಪ್ತಿಯಲ್ಲಿದೆಯೇ? ಎರಡನೆಯದನ್ನು ದಾಖಲಾದ ಮೇಲೆ ಕೇಳಿದರೆ ಬಿಲ್ ಕಟ್ಟುವ ದಿನ ಪರದಾಟ.

ಅಂದಹಾಗೆ, ಮೊದಲು ತಪ್ಪಾಗಿ ಸಿಕ್ಕಿದ್ದ ಆಸಿಡ್ ಮಾತ್ರೆಗೆ ಈಗ ನಿಜವಾದ ಕೆಲಸ ಸಿಗುತ್ತದೆ. ಬಾಗಿಲು ತೆರೆದರೆ ಹೊಟ್ಟೆಯ ಆಸಿಡ್ ಮೇಲಕ್ಕೂ ಬರುತ್ತದಲ್ಲ. ಮೇಲೆ ಹೇಳಿದ ಎರಡನೇ ಪ್ರಯೋಗದಲ್ಲಿ ಎರಡು ವರ್ಷದ ಬಳಿಕ ಪೊಯೆಮ್ ಆದವರಲ್ಲಿ ಶೇ 44, ಹೆಲ್ಲರ್ ಆದವರಲ್ಲಿ ಶೇ 29 ಜನರ ಅನ್ನನಾಳದಲ್ಲಿ ಆಸಿಡ್‌ನಿಂದಾದ ಉರಿಯೂತ ಕಂಡಿತ್ತು.

ಯಶಸ್ಸಿನ ಲೆಕ್ಕದಲ್ಲಿ ಕಾಣೆಯಾದ ನೋವು

ಈ ಶೇಕಡಾವಾರು 'ಯಶಸ್ಸು' ಅಳೆಯುವುದು ಹೇಗೆ? ಎಕಾರ್ಟ್ ಸ್ಕೋರ್ ಎಂಬ ಅಳತೆಗೋಲಿನಿಂದ. ನುಂಗಲು ತೊಂದರೆ, ಆಹಾರ ವಾಪಸ್ ಬರುವುದು, ಎದೆನೋವು, ತೂಕ ಇಳಿಕೆ. ನಾಲ್ಕಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 12. ಚಿಕಿತ್ಸೆಯ ನಂತರ 3 ಅಥವಾ ಅದಕ್ಕಿಂತ ಕಡಿಮೆ ಬಂದರೆ ಯಶಸ್ಸು.

ಎದೆನೋವಿನ ಅಂಕ ಹೀಗಿದೆ: ಇಲ್ಲವೇ ಇಲ್ಲ ಎಂದರೆ 0, ಆಗಾಗ ಬಂದರೆ 1, ದಿನವೂ ಬಂದರೆ 2, ಪ್ರತಿ ಊಟಕ್ಕೂ ಬಂದರೆ 3. ಈಗ ಲೆಕ್ಕ ಹಾಕಿ. ಆಪರೇಷನ್ ನಂತರ ಅನ್ನ ಸಲೀಸಾಗಿ ಇಳಿಯುತ್ತದೆ, ವಾಂತಿ ಇಲ್ಲ, ತೂಕ ಏರಿದೆ, ಆದರೆ ಪ್ರತಿ ಊಟಕ್ಕೂ ಎದೆ ಹಿಂಡುತ್ತದೆ. ಒಟ್ಟು ಅಂಕ 3. ಕಾಗದದ ಮೇಲೆ ಆ ಚಿಕಿತ್ಸೆ ಯಶಸ್ವಿ.

ಸಂಶೋಧಕರು ಬೇಕೆಂದೇ ಮಾಡಿದ್ದಲ್ಲ. ಅಳತೆಗೋಲು ಹುಟ್ಟಿದ್ದು ಬಾಗಿಲು ತೆರೆದಿದೆಯೇ ಎಂದು ನೋಡಲು. ಆದರೆ ಆಹಾರ ಇಳಿಯುವುದು ಮತ್ತು ನೋವು ನಿಲ್ಲುವುದು ಒಂದೇ ಅಲ್ಲ. ಯಶಸ್ವಿ ಚಿಕಿತ್ಸೆಯ ನಂತರವೂ ಕೆಲವರಿಗೆ ಸೆಳೆತದಂಥ ನೋವು ವರ್ಷಗಳ ಕಾಲ ಬಂದುಹೋಗುತ್ತದೆ. 'ಆಪರೇಷನ್ ಚೆನ್ನಾಗಿ ಆಗಿದೆ, ಇನ್ನೇನು?' ಎಂಬ ಪ್ರಶ್ನೆ ಅವರಿಗೆ ಮನೆಯಲ್ಲೂ ಎದುರಾಗುತ್ತದೆ, ಒಪಿಡಿಯಲ್ಲೂ ಎದುರಾಗುತ್ತದೆ.

ಔಷಧಗಳಿಗೆ ಅರ್ಥಪೂರ್ಣ ಜಾಗ ಇರುವುದು ಬಹುಶಃ ಇಲ್ಲೇ. ಬಾಗಿಲು ತೆರೆದಾಗಿದೆ, ಮಾತ್ರೆಯಿಂದ ಸಮಯ ವ್ಯರ್ಥವಾಗುವ ಭಯವಿಲ್ಲ. ಆದರೂ ಮೊದಲು ಮಾಡಬೇಕಾದ್ದು ಪರೀಕ್ಷೆ: ಬೇರಿಯಂ ಎಕ್ಸ್‌ರೇಯಲ್ಲಿ ಆಹಾರ ಮತ್ತೆ ನಿಲ್ಲುತ್ತಿದೆಯೇ, ಎಂಡೋಸ್ಕೋಪಿಯಲ್ಲಿ ಆಸಿಡ್‌ನ ಗಾಯವಿದೆಯೇ ಎಂದು ನೋಡಬೇಕು. ಎರಡೂ ಇಲ್ಲವೆಂದಾದರೆ ಸೆಳೆತ ಬಂದಾಗಷ್ಟೇ ನಾಲಿಗೆಯಡಿ ಇಡಲು ನೈಟ್ರೇಟ್, ಅಥವಾ ನರಗಳ ಸೂಕ್ಷ್ಮತೆ ತಗ್ಗಿಸಲು ಇಮಿಪ್ರಮಿನ್‌ನಂಥ ಖಿನ್ನತೆ ನಿವಾರಕ ಔಷಧದ ಸಣ್ಣ ಡೋಸ್. ಎರಡನೆಯದನ್ನು ಬರೆದ ತಕ್ಷಣ 'ಡಾಕ್ಟರ್ ನನಗೆ ಮಾನಸಿಕ ಎಂದುಕೊಂಡರು' ಎಂದು ನೊಂದುಕೊಂಡು ಮಾತ್ರೆ ನಿಲ್ಲಿಸುವವರಿದ್ದಾರೆ. ಆ ಡೋಸ್‌ನಲ್ಲಿ ಅದು ಮನಸ್ಸಿಗಲ್ಲ, ನೋವಿನ ನರಗಳಿಗೆ. ಈ ಬಗೆಯ ಔಷಧದ ಪುರಾವೆ ಹೃದಯಕ್ಕೆ ಸಂಬಂಧಿಸದ ಎದೆನೋವಿನ ಅಧ್ಯಯನಗಳಿಂದ ಎರವಲು ಬಂದದ್ದು ಎಂಬುದನ್ನು ವೈದ್ಯರು ಮೊದಲೇ ಹೇಳಿದರೆ ರೋಗಿಗೂ ನಿರೀಕ್ಷೆ ಎಷ್ಟಿಟ್ಟುಕೊಳ್ಳಬೇಕೆಂದು ತಿಳಿಯುತ್ತದೆ.

ಒಂದು ಮನೆಮದ್ದಿಗೆ ಮಾತ್ರ ಮ್ಯಾನೋಮೆಟ್ರಿಯ ಬೆಂಬಲವಿದೆ. ಬಿಸಿನೀರು. ಚೀನಾದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಿಸಿನೀರು ಅಕಲೇಸಿಯಾ ರೋಗಿಗಳ ಕವಾಟದ ಬಿಗಿ ಇಳಿಸಿ ಎದೆನೋವಿಗೂ ಆರಾಮ ಕೊಟ್ಟಿತು. ತಣ್ಣೀರು ಅದಕ್ಕೆ ವಿರುದ್ಧ. ಫ್ರಿಜ್ ನೀರು ಬಿಟ್ಟು, ಊಟದ ನಡುವೆ ಗುಟುಕು ಗುಟುಕಾಗಿ ಬಿಸಿನೀರು ಕುಡಿಯಲು ಖರ್ಚೂ ಇಲ್ಲ, ಅಡ್ಡಪರಿಣಾಮವೂ ಇಲ್ಲ.

ಕೊನೆಗೊಂದು ಗೊಂದಲ ಉಳಿಯುತ್ತದೆ. ಸಾರ್ಬಿಟ್ರೇಟ್ ಇಟ್ಟಾಗ ನೋವು ಇಳಿದರೆ ಅದು ಹೃದಯದ್ದೋ ಅನ್ನನಾಳದ್ದೋ? ಆ ಮಾತ್ರೆ ಎರಡನ್ನೂ ಸಡಿಲಿಸುವುದರಿಂದ ಇಳಿದದ್ದನ್ನು ನೋಡಿ ಏನನ್ನೂ ನಿರ್ಧರಿಸಲಾಗದು. ಅಕಲೇಸಿಯಾ ಇದ್ದವರಿಗೂ ಹೃದಯಾಘಾತ ಆಗಬಹುದು. ನಡೆಯುವಾಗ, ಮೆಟ್ಟಿಲು ಹತ್ತುವಾಗ ಬರುವ ನೋವು, ಬೆವರು, ಎಡಗೈಗೋ ದವಡೆಗೋ ಹರಿಯುವ ನೋವು, ಉಸಿರುಗಟ್ಟಿದಂತಾಗುವುದು ಕಂಡರೆ 'ಇದು ನನ್ನ ಹಳೆಯ ಸೆಳೆತವೇ' ಎಂದು ಕೂರದೆ ಆಂಬುಲೆನ್ಸ್‌ಗೆ ಕರೆ ಮಾಡಿ ಇಸಿಜಿ ಮಾಡಿಸಬೇಕು, ಅದು ಹತ್ತನೇ ಸಲವಾಗಿದ್ದರೂ.